ಕಂಬಿ ದಾಟಿದ ಕಂಬಳಿಗಳು

ತಾಂಬಾದ ಕುರುಬರ ಓಣಿಯಲ್ಲಿ ಚಂದಪ್ಪನಿಗೆ ಆ ವರ್ಷ ಹೊಸ ಹೆಸರು ಬಿತ್ತು: ಎಫ್‌ಓಬಿ ಚಂದಪ್ಪ. ಇಟ್ಟವಳು ಎದುರು ಮನೆಯ ಸಾತವ್ವ. "ಏನೋ ಎಫ್‌ಓಬಿ, ಉಂಡಿಯೇನು?" ಅಂತ ಅವಳು ಕೂಗಿದರೆ ಓಣಿಯೆಲ್ಲ ನಗುತ್ತಿತ್ತು. ಚಂದಪ್ಪನೂ ನಗುತ್ತಿದ್ದ. ಒಳಗೊಳಗೆ ಮಾತ್ರ ಆ ಹೆಸರು ಅವನಿಗೆ ತಲೆಯ ಪಟಗಕ್ಕೆ ಜರಿ ಹಚ್ಚಿದಷ್ಟು ಹಿತವಾಗಿತ್ತು.

ಆ ಮಾತು ಅವನಿಗೆ ಸಿಕ್ಕಿದ್ದು ಸಿಂದಗಿಯ ಉಣ್ಣೆ ವ್ಯಾಪಾರಿ ಶಮಶುದ್ದೀನನಿಂದ. ಹರೆಯದಲ್ಲಿ ಮುಂಬಯಿ ಬಂದರಿನಲ್ಲಿ ಗುಮಾಸ್ತಿಕೆ ಮಾಡಿ ಬಂದ ಮನುಷ್ಯ. ಎಪ್ಪತ್ತಾರನೆಯ ಇಸವಿಯ ದೀಪಾವಳಿ ಮುಗಿದ ಮೇಲೆ ಅವನು ಚಂದಪ್ಪನನ್ನು ಕರೆಸಿ, ಮಸ್ಕತ್ತಿನಲ್ಲಿ ಎದ್ದ ಹೊಸ ಹೋಟೆಲಿಗೆ ಕರಿಕಂಬಳಿ ಬೇಕಾಗಿವೆ ಅಂದ.

"ಅಲ್ಲಿ ಮೈ ಸುಡೂ ಬಿಸಲಂತಲ್ರಿ ಕಾಕಾ. ಕಂಬಳಿ ಯಾಕ?"

"ಕೋಣಿಗೆ ಮಷೀನ್ ಹಚ್ಚಿ ಥಂಡಿ ಮಾಡ್ಕೋತಾರ, ಆಮ್ಯಾಲ ಥಂಡಿ ಅಂತ ಹೊಚ್ಚಿಗೋತಾರ. ದೊಡ್ಡವರ ಸುಖ ಹಂಗ ಇರ್ತೈತೋ ತಮ್ಮಾ." ಶಮಶುದ್ದೀನ ನಕ್ಕು, ಎಲೆ ಅಡಿಕೆ ಮುಂದೆ ಸರಿಸಿದ. "ಈ ಸರಕು ಮೆಚ್ಚಿದ್ರ ನಿಮ್ಮ ಓಣಿ ಮಗ್ಗ ನಿಲ್ಲೂದ ಇಲ್ಲ. ಸೊಲ್ಲಾಪುರದ ಗಿರಣಿಗೆ ಹೋದ ಹುಡುಗೂರೂ ತಿರುಗಿ ಬರ್ತಾವು. ವ್ಯವಹಾರ ಎಫ್‌ಓಬಿ ಐತಿ. ಅಂದ್ರ, ಸರಕು ಹಡಗು ಏರೂತನಕ ಜವಾಬ್ದಾರಿ ನಮ್ದು. ಹಡಗಿನ ಅಂಚಿಗೆ ಕಂಬಿ ಇರ್ತಾವು. ಕಂಬಿ ದಾಟ್ತಂದ್ರ, ಮುಳುಗಲಿ ತೇಲಲಿ, ಅವರದು."

ಕಂಬಿ ದಾಟಿದರೆ ಅವರದು! ಎಂಥ ಚೆಂದದ ಕಾನೂನು ಅನ್ನಿಸಿತು ಚಂದಪ್ಪನಿಗೆ.

"ಆದ್ರ ಒಂದು ಮಾತು," ಅಂದ ಶಮಶುದ್ದೀನ. "ಹಡಗಿನ ಹೊಟ್ಟ್ಯಾಗ ಗಾಳಿನೂ ಹಸಿ. ನೆಯ್ದಾದ ಮ್ಯಾಲ ನೂಲಿಗೆ ಹಚ್ಚಿದ ಗಂಜಿ ಪೂರಾ ಹೋಗೂಹಂಗ ತೊಳೀರಿ. ಗಂಜಿ ಉಳೀತಂದ್ರ ಬೂಸ್ಟು ಹಿಡೀತೈತಿ. ನಿಮ್ಮ ಹುಚ್ಚವ್ವಗ ನೀನ ಹೇಳು."

"ಹೇಳ್ತೇನ್ರಿ."

ಹುಚ್ಚವ್ವ ಚಂದಪ್ಪನ ಸೋದರತ್ತೆ. ಹುಣಸೆ ಬೀಜ ಹುರಿದು, ಬೀಸಿ, ಕಾಸಿ ಮಾಡುವ ಗಂಜಿಯಲ್ಲಿ ಅವಳ ಕೈ ಮೀರಿಸುವವರು ಸುತ್ತಲ ಊರಲ್ಲಿ ಇರಲಿಲ್ಲ. ಆ ಸೀಮೆಯಲ್ಲಿ ಹೊಸ ಕಂಬಳಿ ಅಂದರೆ ಮಡಚಿ ನೆಲಕ್ಕಿಟ್ಟರೆ ಹಲಗೆಯಂತೆ ತಾನೇ ನಿಲ್ಲಬೇಕು. ನಿಲ್ಲದ ಕಂಬಳಿಯನ್ನು ಮದುವೆಯಲ್ಲಿ ಬೀಗರು ಕಾಲಲ್ಲಿ ಸರಿಸಿಬಿಡುತ್ತಿದ್ದರು.

ಚಂದಪ್ಪ ಹೋದಾಗ ಅವಳು ಬೇವಿನ ಗಿಡದ ಕೆಳಗೆ ಗಂಜಿ ತಿರುವುತ್ತ ಕೂತಿದ್ದಳು.

"ಅತ್ತಿ, ಈ ಸಲ ಗಂಜಿ..."

"ಗೊತ್ತೈತಿ ಬಿಡೋ. ಪರದೇಶದ ಮಂದಿ ಹೊಚ್ಚಿಗೊಳ್ಳೂದು. ನೆಯ್ದ ಮ್ಯಾಲೂ ಇನ್ನೊಂದು ಕೈ ಗಂಜಿ ಎಳೀತೇನಿ. ಮೆತ್ತಗಿನ ಕಂಬಳಿ ಕೊಟ್ರ, ತಾಂಬಾದಾಗ ಗಂಜಿ ಕಾಸೂ ಮುದುಕಿ ಸತ್ತಾಳೇನು ಅಂದಾರು!"

ಗಂಜಿಯಲ್ಲಿ ನೆನೆನೆನೆದು ಅವಳ ಬೆರಳ ಸಂದುಗಳು ಸೀಳಿದ್ದವು. ಇವಳಿಗೆ ತೊಳೆ ಅನ್ನುವುದು ಹೇಗೆ? ನಾಳೆ ಹೇಳಿದರಾಯಿತು ಅಂದುಕೊಂಡ. ನಾಳೆ ಬಂದಾಗ ಇನ್ನೊಂದು ನಾಳೆ ಇತ್ತು. ಕಡೆಗೆ ಅವನ ಮನಸ್ಸೇ ಅವನಿಗೆ ಬುದ್ಧಿ ಹೇಳಿತು: ಹೆಂಗೂ ಕಂಬಿ ದಾಟಿದ ಮ್ಯಾಲ ಅವರದು.

ಕಂಬಳಿ ಪೆಂಡಿಗಳ ಜೊತೆ ಅವನೇ ಮುಂಬಯಿಗೆ ಹೋದ. ಕ್ರೇನು ಪೆಂಡಿಗಳನ್ನು ಎತ್ತಿ ಕಂಬಿಯ ಆಚೆ ಇಳಿಸಿದ್ದನ್ನು ಕಣ್ಣಾರೆ ಕಂಡ. ಸರಕು ನೆಟ್ಟಗೆ ಹಡಗು ಏರಿತು ಅಂತ ಹಡಗಿನವರು ಕೊಡುವ ಬಿಲ್ ಆಫ್ ಲೇಡಿಂಗನ್ನು ಶಮಶುದ್ದೀನನಿಗೆ ತಂದು ಮುಟ್ಟಿಸಿದ. ಊರಲ್ಲಿ ಅದೇ ಕಥೆಯನ್ನು ಎಷ್ಟು ಸಲ ಹೇಳಿದನೋ! ಕ್ರೇನಿನ ಕತ್ತು ದಿನದಿನಕ್ಕೆ ಉದ್ದವಾಗುತ್ತ ಹೋಯಿತು. ಹುಚ್ಚವ್ವನದು ಮಾತ್ರ ಒಂದೇ ಪ್ರಶ್ನೆ: "ಮಂದಿ ಬೆಚ್ಚಗ ಮಲಗಿದ್ರಂತೇನೋ?"

ಉತ್ತರ ತಂದವನು ಶಮಶುದ್ದೀನ. ಬಗಲಲ್ಲಿ ಒಂದೇ ಒಂದು ಕಂಬಳಿ. ಬೀರಲಿಂಗನ ಗುಡಿಯ ಕಟ್ಟೆಯ ಮೇಲೆ ಬಿಚ್ಚಿದ. ಕಪ್ಪು ಉಣ್ಣೆಯ ಮೇಲೆ ಹಸಿರು ಬೂಸ್ಟು, ಮಡಿಕೆಯಲ್ಲಿ ಹುಳ. ನಾತಕ್ಕೆ ಸಾತವ್ವ ಸೆರಗು ಮೂಗಿಗೆ ಒತ್ತಿದಳು.

"ಎಲ್ಲಾ ಹಿಂಗ ಆಗ್ಯಾವಂತ. ಹೋಟೆಲಿನವರು ಗಿರಣಿ ಕಂಬಳಿ ತರಿಸ್ಕೊಂಡ್ರು. ಇನ್ನ ನಮ್ಮವು ಬ್ಯಾಡಂತ."

"ಕಂಬಿ ದಾಟಿತ್ತಲ್ರಿ ಕಾಕಾ!" ಚಂದಪ್ಪ ಕೂಗಿದ. "ಅವರದಲ್ಲೇನು?"

"ಹೊರಗಿಂದ ಬಂದ ಕೇಡು ಅವರದು ತಮ್ಮಾ. ಸರಕಿನ ಹೊಟ್ಟ್ಯಾಗಿಂದ ಎದ್ದದ್ದು ಕಳಿಸಿದವರದು. ಒಡಲದೋಷ ಅಂತಾರದಕ್ಕ. ಅದು ಯಾವ ಕಂಬಿ ದಾಟಿದ್ರೂ ಬೆನ್ನು ಬಿಡೂದಿಲ್ಲ."

ಓಣಿಯ ಹಿರಿಯ ರೇವಣಪ್ಪ ಕೋಲು ಊರಿ ಕೇಳಿದ: "ಇದು ಯಾರ ತಪ್ಪೋ ಚಂದಪ್ಪ?"

ಶಮಶುದ್ದೀನ ಚಂದಪ್ಪನ ಮುಖವನ್ನೇ ನೋಡುತ್ತಿದ್ದ. ಇನ್ನೊಬ್ಬರ ಓಣಿಯ ಪಂಚಾಯ್ತಿಯಲ್ಲಿ ಬಾಯಿ ಹಾಕುವವನಲ್ಲ ಅವನು. ಚಂದಪ್ಪನ ಬಾಯಿಂದ ಮಾತು ಹೊರಬಂತು, ಅದೂ ಹೊಸದಾಗಿ ಕಲಿತದ್ದು:

"ಒಡಲದೋಷ ಅಂದ್ರಲ್ರಿ. ಗಂಜೀದು."

ಎಲ್ಲರ ಕಣ್ಣೂ ಹುಚ್ಚವ್ವನ ಕಡೆ ತಿರುಗಿದವು. ಅವಳು ಕಂಬಳಿಯನ್ನು ಮೂಸಿ ನೋಡುತ್ತಿದ್ದಳು.

"ಬ್ಯಾಡ ಅಂತ ಯಾರರ ಅಂದಿದ್ರ ಹಚ್ತಿದ್ನೇನೋ ಚಂದ್ಯಾ?"

"ಯಾರಿಗಿ ಗೊತ್ತಿತ್ತು, ಅತ್ತಿ?"

ಶಮಶುದ್ದೀನ ಎದ್ದು ಚಪ್ಪಲಿ ಮೆಟ್ಟಿದ. "ಬರ್ತೇನ್ರಿ ರೇವಣಪ್ಪಗೌಡ್ರ" ಅಂದ. ಆಮೇಲೆ ಚಂದಪ್ಪನನ್ನು ಅವನು ಎಂದೂ ಕರೆಸಲಿಲ್ಲ.

ಮಗ್ಗಗಳು ಒಂದೊಂದೇ ನಿಂತವು. ಉಳಿದ ಹುಡುಗರೂ ಸೊಲ್ಲಾಪುರದ ಬಸ್ಸು ಹತ್ತಿದರು. ಹುಚ್ಚವ್ವ ಗಂಜಿಯ ಗಡಿಗೆಯನ್ನು ತಿಪ್ಪೆಗೆ ಬೋರಲು ಹಾಕಿದಳು. ಆ ಬೂಸ್ಟು ಹಿಡಿದ ಕಂಬಳಿಯನ್ನು ಮಾತ್ರ ಯಾರಿಗೂ ಬಿಸಾಡಗೊಡದೆ, ಹಳ್ಳಕ್ಕೆ ಒಯ್ದು ತಿಕ್ಕಿ ತಿಕ್ಕಿ ತೊಳೆದಳು. ಚಳಿಗಾಲಕ್ಕೆ ಅದನ್ನೇ ಹೊದ್ದು ಬಾಗಿಲಲ್ಲಿ ಕೂತಳು.

ಚಂದಪ್ಪ ತಲೆ ತಗ್ಗಿಸಿ ದಾಟುತ್ತಿದ್ದಾಗ ಕರೆದಳು.

"ಮುಟ್ಟಿ ನೋಡೋ. ಎಷ್ಟು ಮೆತ್ತಗಾಗೇತಿ. ಗಂಜಿ ಇಲ್ಲದಿದ್ರೂ ಬೆಚ್ಚಗ ಇರ್ತೈತಿ. ಇಷ್ಟು ಮುದುಕಿ ಆಗೂತನಕ ನನಗ ಇದನ್ನ ಹೇಳೂವ್ರು ಒಬ್ರೂ ಇರಲಿಲ್ಲ ನೋಡು."

ಚಂದಪ್ಪ ಕಂಬಳಿಯ ಅಂಚು ಮುಟ್ಟಿದ.

"ಹೌದತ್ತಿ," ಅಂದ. "ಇರಲಿಲ್ಲ."