ಬೆಳ್ಳಿಗೆ ತಾಗಿದ ದೃಷ್ಟಿ

ಹನ್ನೊಂದಕ್ಕೆ ಬರುತ್ತೇನೆ ಎಂದ ನಾಯಿಮರಿ ಮಾರುವ ಅಮರ್ ಅದಕ್ಕೂ ಮುಂಚೆಯೇ ಬಂದುಬಿಟ್ಟರೆ ಏನು ಗತಿ ಎಂದು ಕಮಲಮ್ಮನಿಗೆ ಬೆಳಗಿನಿಂದ ಒಂದೇ ದಿಗಿಲು. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಪೂಜೆಗೆ ಕೂತವರು ಊದುಬತ್ತಿ ಹಚ್ಚುವುದನ್ನೇ ಮರೆತರು. ಬೆಳ್ಳಿ ಮಾತ್ರ ಮಂಚದ ಕೆಳಗೆ ಕಾಲು ಚಾಚಿ ಗೊರಕೆ ಹೊಡೆಯುತ್ತಿತ್ತು. ಇವತ್ತು ತನ್ನನ್ನು ಗಂಡು ನಾಯಿಯ ಜೊತೆ ಕ್ರಾಸಿಂಗ್‌ಗೆಂದು ಬಸವನಗುಡಿಗೆ ಒಯ್ಯುತ್ತಾರೆ ಎಂದು ಆ ಮೂಕಪ್ರಾಣಿಗೆ ಏನು ಗೊತ್ತು?

ಬೆಳ್ಳಿ ಲ್ಯಾಬ್ರಡಾರ್ ಜಾತಿಯ ಹೆಣ್ಣು ನಾಯಿ. ಎಲ್ಲ ಲ್ಯಾಬ್‌ಗಳ ಹಾಗೆ ಕಪ್ಪೂ ಅಲ್ಲ, ಹಳದಿಯೂ ಅಲ್ಲ, ಬೂದಿ ಬಣ್ಣ. ಆ ಬಣ್ಣಕ್ಕೆ ಅಮರ್ ಇಟ್ಟ ಹೆಸರು ಸಿಲ್ವರ್. ‘ಅಪರೂಪದ ಬಣ್ಣ, ಇಡೀ ಬೆಂಗಳೂರಲ್ಲಿ ಹುಡುಕಿದರೂ ಸಿಗಲ್ಲ’ ಎಂದು ಫೋನಿನಲ್ಲಿ ವಿಡಿಯೋ ಮೇಲೆ ವಿಡಿಯೋ ಹಾಕುತ್ತಿದ್ದ. ಮಗಳು ಮೋನಿಷಾ ಅದನ್ನು ತೋರಿಸಿದಾಗ ಕಮಲಮ್ಮನೂ ಮರುಳಾಗಿ ಬಸವನಗುಡಿಗೆ ಮರಿ ನೋಡಲು ಹೋಗಿದ್ದರು. ಸುಡುವ ಏಪ್ರಿಲ್ ಬಿಸಿಲಲ್ಲೂ ತಾಯಿನಾಯಿಗೆ ಮಿರಮಿರ ಮಿನುಗುವ ಜಾಕೆಟ್ ತೊಡಿಸಿದ್ದ. ಮಗುವಿನ ಹಾಗೆ ಸಾಕಿದ್ದಾನೆ, ಪುಣ್ಯಾತ್ಮ ಎಂದುಕೊಂಡರು ಕಮಲಮ್ಮ. ಬೆಲೆಯಲ್ಲಿ ಅವನು ಒಂದಿಷ್ಟು ಇಳಿದದ್ದೂ ಒಂದು ಮಾತಿನ ಮೇಲೆಯೇ. ದೊಡ್ಡದಾದ ಮೇಲೆ ಬೆಳ್ಳಿಯ ಮೊದಲ ಸೂಲಿನ ಮರಿಗಳು ಅವನಿಗೆ. ‘ಮಾತು ತಪ್ಪಿದ್ರೆ ನಾಯೀನೇ ಎತ್ಕೊಂಡ್ ಹೋಗ್ತೀನಿ ಆಂಟಿ’ ಎಂದು ನಕ್ಕಿದ್ದ.

ಮರಿ ಚಾಮರಾಜಪೇಟೆಗೆ ಬಂದದ್ದೇ ತಡ, ಬೀದಿಗೆ ಬೀದಿಯೇ ನೋಡಲು ಬಂತು. ಎಲ್ಲರಿಗಿಂತ ಹೆಚ್ಚು ಹೊಗಳಿದವಳು ಮನೆಯೆದುರು ಸೊಪ್ಪಿನ ಗಾಡಿ ನಿಲ್ಲಿಸುವ ಚಿಕ್ಕಮುನಿಯಮ್ಮ. ಇಬ್ಬರದೂ ಇಪ್ಪತ್ತು ವರ್ಷದ ಸ್ನೇಹ, ಕಾಫಿ ಕುಡಿಯುವುದೂ ಒಂದೇ ಜಗಲಿಯಲ್ಲಿ. ‘ಅಬ್ಬಾ, ಉಜ್ಜಿಟ್ಟ ಬೆಳ್ಳಿ ಚೊಂಬು ಇದ್ದಂಗದೆ ಕಣಕ್ಕ!’ ಎಂದು ಕಣ್ಣರಳಿಸಿದ್ದಳು. ಹೆಸರು ಹುಟ್ಟಿದ್ದೂ ಆ ಮಾತಿನಿಂದಲೇ. ವರ್ಷ ತುಂಬುವ ಹೊತ್ತಿಗೆ ಬೆಳ್ಳಿಯ ಬೆನ್ನಿನ ಮೇಲೆ ಕೂದಲು ಉದುರತೊಡಗಿತು. ಮೊದಲು ನಾಣ್ಯದಷ್ಟು, ಆಮೇಲೆ ಅಂಗೈಯಷ್ಟು.

ಕಮಲಮ್ಮನಿಗೆ ಅನುಮಾನವೇ ಬರಲಿಲ್ಲ. ಇದು ದೃಷ್ಟಿಯಲ್ಲದೆ ಮತ್ತೇನು? ಹಣೆಗೆ ಕಾಡಿಗೆ ಇಟ್ಟರು, ಕಾಲಿಗೆ ಕಪ್ಪು ದಾರ ಕಟ್ಟಿದರು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಹೊಸ್ತಿಲಾಚೆ ಕೆಂಡಕ್ಕೆ ಹಾಕಿದರೆ ಒಂದಿಷ್ಟೂ ಘಾಟು ಬರಲಿಲ್ಲ. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲ ಎಂಬುದು ಅವರ ಅಜ್ಜಿಯ ಕಾಲದ ಮಾತು. ಇನ್ನು ಯಾವ ಸಾಕ್ಷಿ ಬೇಕು? ಅವತ್ತಿನಿಂದ ಚಿಕ್ಕಮುನಿಯಮ್ಮನ ಗಾಡಿ ಬಂದರೆ ಬಾಗಿಲು ಹಾಕಿಕೊಂಡರು. ಸೊಪ್ಪಿಗೆ ಮಾರ್ಕೆಟ್ ದಾರಿ ಹಿಡಿದರು. ಬೆಳ್ಳಿ ಯಾರ ಕಣ್ಣಿಗೂ ಬೀಳದಂತೆ ಒಳಗೇ ಉಳಿಯಿತು, ಡಾಕ್ಟರ ಕಣ್ಣಿಗೂ ಕೂಡ.

ಕೊನೆಗೆ ನಿನ್ನೆ ಮೋನಿಷಾ ಜಗಳವಾಡಿ ಅಮ್ಮನನ್ನೂ ಬೆಳ್ಳಿಯನ್ನೂ ಆಸ್ಪತ್ರೆಗೆ ಕರೆದೊಯ್ದಳು. ಮೊದಲೇ ಕರೆತರಬೇಕಿತ್ತು ಎಂದು ಬೈದೇ ಶುರುಮಾಡಿದರು ಡಾಕ್ಟರು.

“ಇದು ದೃಷ್ಟಿನೂ ಅಲ್ಲ, ಹುಳುಕಡ್ಡಿನೂ ಅಲ್ಲಮ್ಮ. ಕಂದು ಬಣ್ಣ ತೆಳುವಾಗಿ ಹುಟ್ಟಿದ್ರೆ ಹೀಗೆ ಬೂದಿ ಬರತ್ತೆ. ಕೆಲವು ನಾಯಿಗೆ ಆ ಬಣ್ಣದ ಜೊತೇಲೇ ಕೂದಲಿನ ಬುಡಾನೂ ಸೊರಗಿರತ್ತೆ. ಉದುರಿದ್ದು ಮತ್ತೆ ಸರಿಯಾಗಿ ಬರೋದು ಕಷ್ಟ. ಚರ್ಮ ನೋಡ್ಕೊಳ್ಳಿ, ಬಿಸಿಲಿಗೆ ಬಿಡ್ಬೇಡಿ. ಮರಿ ಮಾತ್ರ ಹಾಕಿಸ್ಲೇಬೇಡಿ, ಅವಕ್ಕೂ ಹೀಗೇ ಆಗ್ಬಹುದು.”

ಡಾಕ್ಟರ ಮಾತು ಕಮಲಮ್ಮನ ತಲೆಗೆ ಹೋಗಿತ್ತು, ಎದೆಗೆ ಇಳಿದಿರಲಿಲ್ಲ. ಅಷ್ಟು ಅಪರೂಪದ ನಾಯಿಯನ್ನು ನೀವೇ ಹಾಳುಮಾಡಿದ್ರಿ ಎಂದು ಅಮರ್ ಕೂಗಾಡಿದರೆ? ಏನು ತಿನ್ನಿಸಿದ್ರಿ ಎಂದು ಕೇಳಿ ಬೆಳ್ಳಿಯನ್ನು ಕಿತ್ತುಕೊಂಡೇ ಹೋದರೆ? ಮಗಳು ಕೆಲಸಕ್ಕೆ ಹೋಗಿದ್ದಾಳೆ. ಮನೆಯಲ್ಲಿ ಇನ್ಯಾರೂ ಇಲ್ಲ.

ಬಾಗಿಲು ಬಡಿದ ಸದ್ದಾಯಿತು. ಅಮರ್ ನಗುನಗುತ್ತಾ ಒಳಗೆ ಬಂದ. ಬೆಳ್ಳಿ ಬಾಲ ಆಡಿಸುತ್ತಾ ಮಂಚದ ಕೆಳಗಿಂದ ಹೊರಬಂತು. ಬೋಳು ಬೆನ್ನು ಕಿಟಕಿಯ ಬೆಳಕಿನಲ್ಲಿ ಎದ್ದು ಕಂಡಿತು.

ಅಮರ್ ಒಂದು ಮಾತೂ ಕೇಳಲಿಲ್ಲ. ಬ್ಯಾಗಿನಿಂದ ಕೆಂಪು ಜಾಕೆಟ್ ತೆಗೆದು ಬೆಳ್ಳಿಗೆ ತೊಡಿಸಿ ಗುಂಡಿ ಹಾಕಿದ. ಬೋಳಾದ ಜಾಗವೆಲ್ಲ ಅಚ್ಚುಕಟ್ಟಾಗಿ ಮುಚ್ಚಿಹೋಯಿತು.

“ಮರಿ ಬುಕ್ ಮಾಡಿರೋರಿಗೆ ಒಂದು ವಿಡಿಯೋ ಕಳಿಸ್ಬಿಡ್ತೀನಿ ಆಂಟಿ, ಆಮೇಲೆ ಹೊರಡೋಣ,” ಎಂದು ಫೋನ್ ತೆಗೆದ.

“ಇದಕ್ಕೆ ಕೂದಲು ಉದುರಿದೆ ಅಂತ ನಿನಗೆ ಯಾರಪ್ಪ ಹೇಳಿದ್ದು?”

“ಯಾರು ಹೇಳ್ಬೇಕು ಆಂಟಿ? ಸಿಲ್ವರ್ ಅಂದ್ಮೇಲೆ ಅದೆಲ್ಲ ಮಾಮೂಲಿ.”

ಕಮಲಮ್ಮನ ಕಣ್ಣ ಮುಂದೆ ಏಪ್ರಿಲ್‌ನ ಆ ಬಿಸಿಲು ಬಂತು, ನಾಲಿಗೆ ಚಾಚಿ ಏದುತ್ತಿದ್ದ ತಾಯಿನಾಯಿ ಬಂತು, ಅದರ ಮೈಮೇಲಿನ ಮಿನುಗುವ ಜಾಕೆಟ್ ಬಂತು. ಪುಣ್ಯಾತ್ಮನಂತೆ! ಮೈಯೆಲ್ಲ ಉರಿದುಹೋಯಿತು. ಬೆಳಗಿನಿಂದ ಕಾಡುತ್ತಿದ್ದ ಭಯ ಎಲ್ಲಿ ಹೋಯಿತೋ ಅವರಿಗೇ ತಿಳಿಯಲಿಲ್ಲ. ಬಗ್ಗಿ ಜಾಕೆಟ್ಟಿನ ಗುಂಡಿ ಒಂದೊಂದಾಗಿ ಬಿಚ್ಚಿ ಅವನ ಕೈಗೇ ತುರುಕಿದರು.

“ಇದರ ತಾಯಿಗೂ ಬೋಳು ಮುಚ್ಚೋಕೇ ತಾನೇ ಜಾಕೆಟ್ ತೊಡಿಸಿದ್ದು? ಬೆಳ್ಳಿ ಎಲ್ಲಿಗೂ ಬರಲ್ಲ. ಎತ್ಕೊಂಡ್ ಹೋಗ್ತೀನಿ ಅಂದ್ಯಲ್ಲ, ಎತ್ಕೊ ನೋಡೋಣ! ಇದನ್ನ ಹೀಗೇ, ಬೋಳು ಬೆನ್ನಲ್ಲೇ, ಬೀದಿ ತುಂಬಾ ತೋರಿಸ್ತೀನಿ.”

ಬಾಗಿಲು ಪೂರಾ ತೆರೆದು ಬೆಳ್ಳಿಯನ್ನು ಜಗಲಿಗೆ ಕರೆತಂದರು. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಅಮರ್ ಏನೋ ಗೊಣಗಿ ಜಾಕೆಟ್ ಬ್ಯಾಗಿಗೆ ತುರುಕಿಕೊಂಡು ಬೈಕ್ ಹತ್ತಿದ.

ಗಾಡಿಯ ಹಿಂದೆ ಚಿಕ್ಕಮುನಿಯಮ್ಮ ದಂಟಿನ ಕಟ್ಟು ಕೈಯಲ್ಲೇ ಹಿಡಿದು ನಿಂತಿದ್ದಳು. ಕಮಲಮ್ಮನಿಗೆ ಅವಳ ಮುಖ ನೋಡಲು ಆಗಲಿಲ್ಲ.

“ಬಣ್ಣದ್ದೇ ಕಾಯಿಲೆಯಂತೆ ಕಣೆ. ನಾನು ನಿನ್ನ ಕಣ್ಣು ತಾಗಿದೆ ಅಂತ...”

“ಗೊತ್ತಿತ್ ಬಿಡಕ್ಕ.” ಚಿಕ್ಕಮುನಿಯಮ್ಮ ಬಂದು ಜಗಲಿಯ ತನ್ನ ಜಾಗದಲ್ಲಿ ಕೂತು ಬೆಳ್ಳಿಯ ಬೋಳು ಬೆನ್ನನ್ನು ಮೆಲ್ಲಗೆ ಸವರಿದಳು. “ಮೆಣಸಿನಕಾಯಿ ಸುಟ್ಟ ದಿನ ಗಾಳಿ ಎಲ್ಲಾ ನನ್ನ ಗಾಡಿ ಕಡೆಗೇ ಇತ್ತು. ಘಾಟು ಬರ್ಲಿಲ್ಲ ಅಂದ್ಕೊಂಡ್ಯಾ? ಸಂಜೆಗಂಟ ಕೆಮ್ಮಿದ್ದು ನಾನು ಕಣಕ್ಕ.”