ಅಳತೆಗೆ ಕೊಟ್ಟ ಕೈ

ಮದುವೆ ಮನೆಯಲ್ಲಿ ನನ್ನ ಗಂಡ ಸಂಜುವಿನ ಆರ್ಭಟ ನೋಡಬೇಕು. "ಗದ್ದ ಎತ್ತರಿ, ಬೀಗರು ಸ್ವಲ್ಪ ಸರೀರಿ, ಅಜ್ಜಾರ, ನಗರಿ" ಎಂದು ಊರಿಗೆ ಊರನ್ನೇ ಕುಣಿಸುತ್ತಾನೆ. ಅದೇ ಮನುಷ್ಯ ಸಂತೆಗೆ ಕ್ಯಾಮೆರಾ ಒಯ್ದರೆ ಕಳ್ಳಬೆಕ್ಕು. ಚಹಾದಂಗಡಿಯ ಮರೆಯಲ್ಲಿ ನಿಂತು, ಉದ್ದನೆಯ ಲೆನ್ಸ್ ಚಾಚಿ, ಗುರುತಿಲ್ಲದವರ ಮುಖ ಹಿಡಿಯುತ್ತಾನೆ. ಕೇಳಿ ತೆಗೆಯಬಾರದೇ ಅಂದರೆ ಉತ್ತರ ತಯಾರು: "ಕೇಳಿದ್ರ ಮಾರಿ ಬಿಗದ ಬಿಡ್ತಾರ ಶೀತಲಾ. ಖರೇ ನಗಿ ಹೋಗಿಬಿಡ್ತೈತಿ." ಸವದತ್ತಿಯಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ. ಮದುವೆ ಫೋಟೋ ನಮ್ಮ ಹೊಟ್ಟೆಗೆ, ಸಂತೆ ಫೋಟೋ ಅವನ ಹುಚ್ಚಿಗೆ.

ಮೊನ್ನೆ ಯರಗಟ್ಟಿ ಸಂತೆಯಲ್ಲಿ ತೆಗೆದ ಒಂದು ಫೋಟೋವನ್ನು ಇನ್‌ಸ್ಟಾಗ್ರಾಮಿಗೆ ಹಾಕಿದ. ನಡುವಯಸ್ಸಿನ ಹೆಂಗಸೊಬ್ಬಳು ಬಳೆಗಾರನ ಮುಂದೆ ಕೂತು ಕೈ ಚಾಚಿದ್ದಾಳೆ. ಕೈತುಂಬ ಹಸಿರು ಗಾಜಿನ ಬಳೆ. ಸೆರಗು ಜಾರಿದೆ, ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಾಳೆ. ಅಬ್ಬಾ, ಏನು ನಗು ಅದು! ನನಗೆ ಹೊಟ್ಟೆಕಿಚ್ಚೇ ಆಯಿತು.

ಮರುದಿನ ಬೆಳಿಗ್ಗೆ ನೋಡಿದರೆ ಸುತ್ತಲಿನ ಊರುಗಳ ವಾಟ್ಸಪ್ ಗುಂಪುಗಳಲ್ಲೆಲ್ಲ ಅದೇ ಫೋಟೋ. ಕೆಳಗೆ ಯಾರೋ ಪುಣ್ಯಾತ್ಮ ಬರೆದಿದ್ದ: "ಇಕಿ ಮೆಣಸಿನಕಾಯಿ ಮಾರೋ ಮಾಯವ್ವ ಅಲ್ಲೇನು? ಗಂಡ ಸತ್ತು ವರ್ಷ ಆಗಿಲ್ಲ, ಬಳಿ ಇಡಿಸ್ಕೊಳ್ಳಾಕ ಹತ್ಯಾಳ ನೋಡ್ರಿ." ಅದರ ಕೆಳಗೆ ಹಲ್ಲು ಕಿಸಿಯುವವರ ಸಾಲು.

"ತಗದ ಹಾಕ್ರಿ ಮೊದಲ!" ಎಂದು ಕೂಗಿದೆ. ತೆಗೆದ. ತೆಗೆದು ಏನು ಬಂತು ಮಣ್ಣು? ಅಷ್ಟೊತ್ತಿಗೆ ಅದು ಎಷ್ಟು ಜನರ ಫೋನಿನಲ್ಲಿ ಹೋಗಿ ಕೂತಿತ್ತೋ. ಅವನಿಗೆ ರೊಟ್ಟಿ ಇಳಿಯಲಿಲ್ಲ. ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕ್ಯಾಮೆರಾ ಕಸಿದುಕೊಂಡು ಆವತ್ತಿನ ಫೋಟೋಗಳನ್ನೆಲ್ಲ ಒತ್ತುತ್ತಾ ಹೋದೆ. ಇವನು ಗುಂಡಿ ಒತ್ತಿದರೆ ಬಿಡುವವನಲ್ಲವಲ್ಲ, ಬೆನ್ನುಬೆನ್ನಿಗೆ ತೆಗೆದಿದ್ದ. ನಗುವಿನ ಮುಂದಿನ ಫೋಟೋಗಳಲ್ಲಿ ಬಳೆಗಾರ ಅದೇ ಬಳೆಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದ, ಕಾಗದದಲ್ಲಿ ಸುತ್ತಿ ಕೊಡುತ್ತಿದ್ದ. ಹೆಂಗಸಿನ ಕೈ ಬರಿದಾಗಿತ್ತು.

"ಅಳತಿಗಿ ಕೈ ಕೊಟ್ಟಾಳ್ರಿ ಆಕಿ! ಬಳಿ ಬ್ಯಾರೆ ಯಾರಿಗೋ!" ಎಂದೆ. ಸಾಕ್ಷಿ ಕೈಯಲ್ಲೇ ಇತ್ತು. ಇವನನ್ನು ನಿಂತ ಕಾಲ ಮೇಲೆ ಹೊರಡಿಸಿಕೊಂಡು ಯರಗಟ್ಟಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಇವನು ಕ್ಯಾಮೆರಾದ ಪಟ್ಟಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ಬಸ್ಸೋ, ಕೈ ಮಾಡಿದಲ್ಲೆಲ್ಲ ನಿಲ್ಲುತ್ತಿತ್ತು. ಡ್ರೈವರನನ್ನು ಮನಸ್ಸಿನಲ್ಲೇ ಬೈದೆ.

ಬಸ್ ಸ್ಟ್ಯಾಂಡಿನಲ್ಲಿ ಮಾಯವ್ವ ಎಲ್ಲಿ ಕೂರುತ್ತಾಳೆಂದು ಕೇಳಿದರೆ ಪಾನಂಗಡಿಯವನು ಹಲ್ಲು ಬಿಟ್ಟ. "ಫೋಟೋದಾಕೇನ್ರಿ?" ಅವನ ಬಾಯಿಗೆ ಅವನದೇ ಸುಣ್ಣ ಮೆತ್ತಬೇಕೆನಿಸಿತು.

ಮಾಯವ್ವ ಹಸಿ ಮೆಣಸಿನಕಾಯಿ ರಾಶಿಯ ಹಿಂದೆ ಹಣೆಯವರೆಗೆ ಸೆರಗು ಎಳೆದುಕೊಂಡು ಕೂತಿದ್ದಳು. ಎದುರಿಗೆ ಅವಳ ಮೈದುನ ಶಂಕರೆಪ್ಪ ನಿಂತು ಬೆರಳಾಡಿಸುತ್ತಿದ್ದ. "ವೈನಿ, ಐತವಾರ ರಾಣಿ ಕುಬಸಕ್ಕ ಬೀಗರು ಬರ್ತಾರ. ಬಸುರಿ ಮಗಳ ಉಡಿ ತುಂಬೂ ಹೊತ್ತಿನ್ಯಾಗ ನೀ ಹೊರಗ ಬರಬ್ಯಾಡ. ಮಂದಿ ಮುಂದ ನಮಗ ಮಾರಿ ಐತೇನು ಈಗ?"

"ನನ್ನ ಮಗಳದೈತಿ ಕುಬಸ," ಎಂದಳು ಮಾಯವ್ವ, ತಲೆ ಎತ್ತದೆ.

ಇನ್ನು ತಡೆಯಲಾಗಲಿಲ್ಲ ನನಗೆ. ಸಂಜುವಿನ ಕೊರಳಿಂದ ಕ್ಯಾಮೆರಾ ಕಿತ್ತುಕೊಂಡು ನುಗ್ಗಿದೆ. "ಯಣ್ಣಾರ, ಇಲ್ಲಿ ನೋಡ್ರಿ! ಎಲ್ಲಾರೂ ನೋಡ್ರಿ!"

ನನ್ನ ಮಣಿಕಟ್ಟು ಯಾರೋ ಗಟ್ಟಿಯಾಗಿ ಹಿಡಿದರು. ಮಾಯವ್ವ. "ಯಾರು ನೀವು?"

ಹೇಳಿದೆ. ಅವಳು ನನ್ನನ್ನೊಮ್ಮೆ, ಸಂಜುವನ್ನೊಮ್ಮೆ ನೋಡಿದಳು. "ತಗಿಯೂಮುಂದ ಕೇಳಲಿಲ್ಲ. ತೋರಸೂಮುಂದರ ಕೇಳಬೇಕೋ ಬ್ಯಾಡೋ, ತಂಗಿ?"

ಕ್ಯಾಮೆರಾವನ್ನು ಸಂಜುವಿನ ಕೈಗೆ ವಾಪಸು ಕೊಟ್ಟೆ. ನಾಚಿಕೆಯಿಂದ ಕಿವಿ ಬಿಸಿಯಾದವು. ಆಗ ಸಂಜು, ಮದುವೆ ಮನೆಯ ಆ ಗಂಟಲೆಲ್ಲಿ ಹೋಗಿತ್ತೋ, ಅವಳೆದುರು ಕುಕ್ಕರಗಾಲಿನಲ್ಲಿ ಕೂತ. "ತಪ್ಪಾತ್ರಿ ಅಕ್ಕಾರ. ನೀವ ಮೊದಲ ನೋಡ್ತೀರೇನ್ರಿ?"

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ನೋಡಿದಳು. ಊರೆಲ್ಲ ನೋಡಿದ ಫೋಟೋವನ್ನು ಅವಳು ಆವರೆಗೆ ಕಂಡೇ ಇರಲಿಲ್ಲವಂತೆ. ನಗುವಿನ ಫೋಟೋ ಬಂದಾಗ ಕ್ಯಾಮೆರಾವನ್ನು ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಬಳೆ ಬಿಚ್ಚುವವು ಬಂದವು. ಶಂಕರೆಪ್ಪನೂ ಬಗ್ಗಿ ನೋಡಿದ.

"ರಾಣಿದೂ ನನ್ದೂ ಒಂದ ಅಳತಿ ಕೈ," ಎಂದಳು ಅವಳು.

"ಹಂಗಾರ ಇವನ್ನ ಹಾಕಸರಿ ಗುಂಪಿನ್ಯಾಗ!" ಶಂಕರೆಪ್ಪನ ಮುಖ ಅರಳಿತು. "ಮಂದಿ ಬಾಯಿ ಮುಚ್ಚತೈತಿ. ನೀನೂ ಹೊರಗ ಬಾ ವೈನಿ, ಯಾರು ಬ್ಯಾಡಂತಾರ?"

ಮುಗಿಯಿತಪ್ಪಾ ಎಂದು ನಾನು ಉಸಿರು ಬಿಟ್ಟೆ. ಮಾಯವ್ವ ಸಂಜುವಿನ ಕಡೆ ತಿರುಗಿದಳು. "ತಮ್ಮಾ, ಈ ಬಳಿ ಬಿಚ್ಚೂವೆಲ್ಲಾ ಅಳಸು."

"ಅಕ್ಕಾರ, ನಿಮಗ ಇರೂ ಸಾಕ್ಷಿ ಇವಷ್ಟ!" ಎಂದ ಸಂಜು.

"ಕೈ ಅಳತಿಗಿ ಕೊಟ್ಟಿದ್ದೆ, ಖರೆ. ನಗಿ ಅಳತಿಗಿ ಕೊಟ್ಟಿರಲಿಲ್ಲ. ಬಳಿ ಸಪ್ಪಳ ಕೇಳಿ ಭಾಳ ದಿವಸ ಆಗಿತ್ತು, ಜೀವಕ್ಕ ಚಲೋ ಅನಿಸ್ತು, ನಕ್ಕೆ. ಅದಕ್ಯಾಕ ಸಾಕ್ಷಿ ಬೇಕು?" ಮೈದುನನ ಮುಖಕ್ಕೆ ನೇರ ನೋಡಿದಳು. "ಶಂಕರೆಪ್ಪಾ, ಐತವಾರ ನನ್ನ ಮಗಳ ಉಡಿ ನಾನ ತುಂಬತೇನಿ. ನಿನಗ ಮನಸ್ಸಿದ್ರ ಬಾ."

ಅವನು ಏನೋ ಗೊಣಗಿ ಹೊರಟುಹೋದ. ಸಂಜು ನನ್ನ ಮುಖ ನೋಡಿದ. ಅಳಿಸಬೇಡ ಎನ್ನಬೇಕೆಂದು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಒಂದೊಂದಾಗಿ ಅಳಿಸಿದ. ನಗುವಿನದು ಉಳಿಯಿತು.

"ಅದು ಇರಲಿ. ಕಾಗದದ ಮ್ಯಾಲ ಮಾಡಿ ನನಗ ತಂದುಕೊಡು. ಮತ್ತೆಲ್ಲೂ ಹಾಕಬ್ಯಾಡ."

ಗಾಳಿಗೆ ಅವಳ ಸೆರಗು ಹೆಗಲಿಗೆ ಜಾರಿತು. ಸರಿಮಾಡಿಕೊಳ್ಳಲಿಲ್ಲ. ಹಸಿರು ರಾಶಿಯ ಮೇಲೆ, ಅವಳ ಮುಖದ ಮೇಲೆ ಬಿಸಿಲು ಬಿದ್ದಿತ್ತು. ಸಂಜುವಿನ ಬೆರಳು ತುರಿಸುತ್ತಿದ್ದುದು ನನಗೆ ಕಂಡಿತು. ಕಣ್ಣು ಬಿಟ್ಟು ಹೆದರಿಸಿದೆ.

"ಅಕ್ಕಾರ, ಒಂದು ಫೋಟೋ ತಗೀಲೇನ್ರಿ?" ಎಂದು ಕೇಳಿದ.

"ಬ್ಯಾಡ," ಎಂದಳು, ಗಿರಾಕಿಗೆ ಮೆಣಸಿನಕಾಯಿ ತೂಗುತ್ತಾ.

ಸಂಜು ಲೆನ್ಸಿಗೆ ಮುಚ್ಚಳ ಹಾಕಿದ. ಬಸ್ಸಿನ ಕಡೆ ನಡೆದೆವು. ಹಿಂದೆ ಗಿರಾಕಿ ಏನು ಹೇಳಿದನೋ, ಅದೇ ನಗು ಕೇಳಿಸಿತು, ಗಂಟಲು ಬಿಚ್ಚಿದ ನಗು. ನಾವಿಬ್ಬರೂ ತಿರುಗಿ ನೋಡಲಿಲ್ಲ.