ಕೈಸನ್ನೆಯ ಪಾಠ

"ನಿಂಗೆ ಇಷ್ಟವಾದ ಹಾಡು ಯಾವುದು ಪುಟ್ಟೀ? ಹಾಡು, ಕೇಳೋಣ" ಎಂದು ಶಾಲೆಯ ತಪಾಸಣೆಗೆ ಬಂದ ಇನ್ಸ್‌ಪೆಕ್ಟರ್ ವಾದಾಸ್ ಕೇಳಿದ್ದೇ ತಡ, ಬೋರಿಷ್ಕಾ ಎದ್ದು ನಿಂತು ಕಣ್ಣು ಮುಚ್ಚಿ ಹಾಡತೊಡಗಿದಳು.

ಎಟೆಲ್ಕಾ ಟೀಚರಿಗೆ ಮೊದಲ ಪದಕ್ಕೇ ಗುರುತು ಸಿಕ್ಕಿತು. ಮಾತೆ ಮರಿಯಳ ಹಾಡು. ಮಕ್ಕಳಿಗೆ ದೇವರ ಹಾಡು ಕಲಿಸಕೂಡದೆಂದು ಸರ್ಕಾರದ ಕಟ್ಟಪ್ಪಣೆಯಿತ್ತು. ಕ್ರಿಸ್‌ಮಸ್ಸಿಗೆ ಮುಂಚೆ ಕಿಟಕಿ ಮುಚ್ಚಿಸಿ ತಾನೇ ಕಲಿಸಿದ್ದು. ಮೊದಲ ಸಾಲಿನಲ್ಲಿ ಬರೀ "ತಾಯೇ" ಎಂದಿತ್ತು. ಎರಡನೆಯದರಲ್ಲಿ ಹೆಸರೇ ಬರುತ್ತಿತ್ತು. ಇಂಥದೇ ಹಾಡಿಗಾಗಿ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ದೆಜೊನನ್ನು ಹೋದ ತಿಂಗಳು ಪೊಲೀಸರು ಕಾರಿನಲ್ಲಿ ಕರೆದೊಯ್ದಿದ್ದರು. ಅವನ ಹೆಂಡತಿ ಒಗೆದ ಅಂಗಿಗಳ ಗಂಟು ಹಿಡಿದು ಇನ್ನೂ ಠಾಣೆಗೆ ಅಲೆಯುತ್ತಿದ್ದಳು.

ಟಿಸಾ ನದಿಯ ಈ ಸೀಮೆಯಲ್ಲಿ ಸರ್ಕಾರಿ ಶಾಲೆಗೆ ದಿನವೂ ಹಾಡಿನ ಪಾಠ ತಂದವರಲ್ಲಿ ಎಟೆಲ್ಕಾ ಮೊದಲಿಗಳು. ಪಿಯಾನೋ ಇರಲಿಲ್ಲ. 'ದೋ'ಗೆ ಮುಷ್ಟಿ, 'ಮಿ'ಗೆ ಮಲಗಿಸಿದ ಅಂಗೈ, ಹೀಗೆ ಸ್ವರಕ್ಕೊಂದು ಕೈಸನ್ನೆ. "ಏನಮ್ಮಾ, ಗಾಳೀಲಿ ಹಾಲು ಕರೀತಿದೀಯಾ?" ಎಂದು ಉಳಿದ ಮೇಷ್ಟರುಗಳು ಆಡಿಕೊಂಡಿದ್ದರು. ಈಗ ಆ ಕೈ ಎದ್ದರೆ ಸಾಕು, ಮಕ್ಕಳು ಅಕ್ಷರ ಓದಿದಂತೆ ಹಾಡುತ್ತಿದ್ದರು.

ಅವಳು ಕೈ ಎತ್ತಿದಳು. ಎರಡನೆಯ ಸಾಲು ಬರುವ ಮುಂಚೆಯೇ ಗಡಬಡಿಸಿ ಸ್ವರ ತೋರಿಸತೊಡಗಿದಳು.

"ಸೋ, ಮಿ, ರೆ..." ಇಡೀ ತರಗತಿ ಅದೇ ರಾಗ ಹಿಡಿಯಿತು. ಬೋರಿಷ್ಕಾ ಬೆಚ್ಚಿ ಕಣ್ಣು ತೆರೆದಳು, ಟೀಚರ ಕೈ ನೋಡಿದಳು. ಮಾತು ಬಿಟ್ಟು ಸ್ವರಕ್ಕೆ ಸೇರಿಕೊಂಡಳು.

ಹಾಡು ಮುಗಿದಾಗ ವಾದಾಸ್ ಹುಬ್ಬು ಗಂಟಿಕ್ಕಿದ. "ಇದೇನು?"

"ಸ್ವರದ ಅಭ್ಯಾಸ, ಕಾಮ್ರೇಡ್."

"ಶುರೂನಲ್ಲಿ ಏನೋ ಮಾತು ಕೇಳಿಸ್ತಲ್ಲ." ಅವನು ಹುಡುಗಿಯ ಮುಖದ ಮಟ್ಟಕ್ಕೆ ಬಾಗಿದ. "ನೀ ಹೇಳಮ್ಮ. ಏನು ಹಾಡ್ತಿದ್ದೆ?"

ಬೋರಿಷ್ಕಾ ಟೀಚರ ಕಡೆ ನೋಡಿದಳು.

"ಅಮ್ಮನ ಮೇಲಿನ ಹಾಡು. ಮುಂದೆ ಮರೆತುಹೋಯ್ತು" ಎಂದಳು ಹುಡುಗಿ.

ವಾದಾಸ್ ನಕ್ಕು ಅವಳ ಜಡೆ ಎಳೆದ. "ಭಲೇ! ಟೀಚರ್, ಈ ಕೈವಿದ್ಯೆ ಜಿಲ್ಲೆಯ ಎಲ್ಲಾ ಶಾಲೆಗೂ ಬೇಕು. ಬರೋ ವರ್ಷ ನೀವೇ ಬಂದು ಮೇಷ್ಟ್ರುಗಳಿಗೆ ಹೇಳಿಕೊಡ್ಬೇಕು."

ವರ್ಷಗಟ್ಟಲೆ ಅರ್ಜಿ ಹಾಕಿ ಕಾದಿದ್ದು ಹೀಗೆ ಬಂತು. ಅವಳು ಕುರ್ಚಿಯ ಬೆನ್ನು ಹಿಡಿದು "ಆಗಲಿ, ಕಾಮ್ರೇಡ್" ಎಂದಳು.

ಗಂಟೆ ಹೊಡೆದ ಮೇಲೆ ಬೋರಿಷ್ಕಾ ಹಿಂದೆಯೇ ಉಳಿದಳು.

"ಟೀಚರಮ್ಮ, ಅದು ಕೆಟ್ಟ ಹಾಡಾ?"

"ಇಲ್ಲ ಮಗಾ. ಒಳ್ಳೇದು."

"ಮತ್ತೆ ನೀವ್ಯಾಕೆ ಅಷ್ಟು ಹೆದರ್ಕೊಂಡ್ರಿ?"

ಎಟೆಲ್ಕಾ ಅವಳ ಕೋಟಿನ ಗುಂಡಿ ಹಾಕಿದಳು. ಕೊನೆಯದು ಎಷ್ಟು ಮಾಡಿದರೂ ತೂತಿಗೆ ಇಳಿಯಲಿಲ್ಲ. "ಮನೆಗೆ ಹೋಗು, ಕತ್ತಲಾಗುತ್ತೆ" ಎಂದಳು.

ಮಾರನೆಯ ಬೆಳಿಗ್ಗೆ ಅವಳು ಎಂದಿನಂತೆ ನಗುತ್ತಲೇ ಒಳಬಂದಳು. "ಇವತ್ತು ಕೈಸನ್ನೆ ಬೇಡ. ಸುಗ್ಗಿ ಹಾಡು, ಮಾತಿನ ಸಮೇತ ಹಾಡೋಣ."

ಸುಗ್ಗಿಯ ಹಾಡಿನಲ್ಲಿ ಗೋಧಿ, ಕುಡುಗೋಲು ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ಯಾರೂ ಬಾಯಿ ತೆರೆಯಲಿಲ್ಲ. ಮೊದಲು ಬೋರಿಷ್ಕಾ, ಆಮೇಲೆ ಅವಳ ಪಕ್ಕದವಳು, ಆಮೇಲೆ ಎಲ್ಲ ಮಕ್ಕಳೂ ಕತ್ತು ತಿರುಗಿಸಿ ಬಾಗಿಲ ಕಡೆ ನೋಡಿದರು.